ಕೊಡಗಿನಲ್ಲಿ ಕೂತು ಸ್ಟ್ರಿಂಗ್ ಕ್ವಾರ್ಟೆಟ್ ಬರೆಯುತ್ತೇನೆ. ಏನು ಬೇಕಾದರೂ ಕೇಳಿ

ನಾಪೋಕ್ಲು_ಪಿಟೀಲು · ಶುಕ್ರವಾರ ರಾತ್ರಿ 9:12

ಹೋದ ವಾರ ಗೊಬ್ಬರದ ಚರ್ಚೆ ನಡೆಯುತ್ತಿದ್ದಾಗ ಒಬ್ಬರು ನನ್ನನ್ನು ಕೇಳಿದರು: 'ನೀವು ಮ್ಯೂಸಿಕ್ ಬರೆಯುತ್ತೀರಂತೆ, ಯಾವ ಸಿನಿಮಾಕ್ಕೆ?' ಯಾವ ಸಿನಿಮಾಕ್ಕೂ ಅಲ್ಲ. ಎರಡು ವಯೊಲಿನ್, ಒಂದು ವಿಯೋಲಾ (ಅದಕ್ಕಿಂತ ತುಸು ದೊಡ್ಡದು, ದನಿ ತಗ್ಗು), ಒಂದು ಚೆಲೊ (ಇನ್ನೂ ದೊಡ್ಡದು), ಹೀಗೆ ನಾಲ್ಕು ಜನ ಎದುರುಬದುರು ಕೂತು ನುಡಿಸುವ ಕ್ವಾರ್ಟೆಟ್‌ಗೆ. ಅಲ್ಲೇ ಉತ್ತರ ಕೊಟ್ಟಿದ್ದರೆ ಯೂರಿಯಾ ವಿಷಯ ಹಾಳಾಗುತ್ತಿತ್ತು. ಅದಕ್ಕೆ ಇಲ್ಲಿ ಬೇರೆ ಚರ್ಚೆ ತೆರೆದಿದ್ದೇನೆ.

ಮೊದಲು ನನ್ನ ಬಗ್ಗೆ ಸ್ವಲ್ಪ. ಚಿಕ್ಕಂದಿನಲ್ಲಿ ಮಡಿಕೇರಿಯಲ್ಲಿ ಕರ್ನಾಟಕ ಶೈಲಿಯ ಪಿಟೀಲು ಕಲಿತೆ. ಬೆಂಗಳೂರಿಗೆ ಓದಲು ಹೋದಾಗ ಪಾಶ್ಚಾತ್ಯ ವಯೊಲಿನ್ ಹಿಡಿದೆ. ಚಕ್ಕಳಮಕ್ಕಳ ಹಾಕಿ ನುಡಿಸುತ್ತಿದ್ದವನಿಗೆ ನಿಂತು ನುಡಿಸುವುದು ಒಗ್ಗಲು ಒಂದು ವರ್ಷ ಬೇಕಾಯಿತು. ಆಮೇಲೆ ಹತ್ತು ವರ್ಷ ಜಿಂಗಲ್, ಅಂದರೆ ಜಾಹೀರಾತಿನ ಹಾಡು, ಮಾಡಿದೆ. ಸೋಪು, ಸೀರೆ, ಸಿಮೆಂಟು. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಊರಿಗೆ ಬಂದೆ. ಈಗ ಆರು ಎಕರೆ ರೊಬಸ್ಟಾ ಇದೆ, ವಾರಕ್ಕೆ ಮೂರು ದಿನ ಹನ್ನೊಂದು ಮಕ್ಕಳಿಗೆ ಪಾಠ ಇದೆ. ಉಳಿದ ಹೊತ್ತಿನಲ್ಲಿ ರಚನೆ.

ಜನವರಿಯಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಆಗ ಒಂದು ಸ್ವರವೂ ಬರೆಯುವುದಿಲ್ಲ. ಹಣ್ಣು ತೂಗಿ, ಕಣದಲ್ಲಿ ಹರಡಿಸಿ, ಲೆಕ್ಕ ಬರೆದು ಮಲಗುವಷ್ಟರಲ್ಲಿ ಸಾಕಾಗಿರುತ್ತದೆ. ನನ್ನ ಬರವಣಿಗೆಯ ಕಾಲ ಮಳೆಗಾಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಎಂಟರವರೆಗೆ. ಹೊರಗೆ ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತದೆ ಅಂದರೆ ಪಿಟೀಲು ನುಡಿಸಿದರೆ ನನಗೇ ಕೇಳಿಸುವುದಿಲ್ಲ. ತಲೆಯೊಳಗೇ ಕೇಳಿ ಬರೆಯಬೇಕು. ಒಂದು ರೀತಿಯಲ್ಲಿ ಒಳ್ಳೆಯದೇ.

ಪಿಟೀಲಿಗೆ ಮಾತ್ರ ಕಷ್ಟ. ಜುಲೈಯಲ್ಲಿ ಬಿರಡೆಗಳು ಉಬ್ಬಿ ಕಚ್ಚಿಕೊಳ್ಳುತ್ತವೆ, ಅಂಟು ಬಿಡುತ್ತದೆ. ಅಮ್ಮ ಹಪ್ಪಳ ಇಡುವ ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿ ಪಿಟೀಲನ್ನೂ ಅಲ್ಲೇ ಇಡುತ್ತೇನೆ. ಕಛೇರಿಗೆ ಹೋದರೆ ಜೀರಿಗೆ ವಾಸನೆ ಬರುತ್ತದೆ ಅಂತ ಗೆಳೆಯರು ತಮಾಷೆ ಮಾಡುತ್ತಾರೆ.

ಕೇಳಿ, ಕರೆಂಟ್ ಇರುವವರೆಗೆ ಉತ್ತರಿಸುತ್ತೇನೆ.

ಗೋಣಿಕೊಪ್ಪ_ಹುಡುಗ · 9:20

ಅಣ್ಣ, ಸಿಂಪಲ್ ಪ್ರಶ್ನೆ. ಇದಕ್ಕೆ ದುಡ್ಡು ಯಾರು ಕೊಡುತ್ತಾರೆ?

ನಾಪೋಕ್ಲು_ಪಿಟೀಲು · 9:41

ಯಾರೂ ಇಲ್ಲ. ನನ್ನ ಹಿಂದಿನ ಕ್ವಾರ್ಟೆಟ್ 14 ನಿಮಿಷದ್ದು. ಬರೆಯಲು ಏಳು ತಿಂಗಳು ಹಿಡಿಯಿತು. ಬೆಂಗಳೂರಿನಲ್ಲಿ ಒಮ್ಮೆ ನುಡಿಸಿದರು, ಕೇಳಲು ಅರವತ್ತು ಜನ ಇದ್ದಿರಬಹುದು. ನುಡಿಸಿದವರ ಬಸ್ ಖರ್ಚು, ಊಟ, ಪ್ರಿಂಟು ಎಲ್ಲ ನನ್ನ ಕೈಯಿಂದಲೇ ಹೋಯಿತು. ಆ ವರ್ಷ ಕಾಳುಮೆಣಸಿಗೆ ಒಳ್ಳೆ ರೇಟ್ ಇತ್ತು ಅಂತ ಬಚಾವಾದೆ.

ಇದು ನನ್ನೊಬ್ಬನ ಕಥೆ ಅಲ್ಲ. ವನರಾಜ್ ಭಾಟಿಯಾ (1927–2021) ಗೊತ್ತಲ್ವಾ? 'ಅಂಕುರ್', 'ಭೂಮಿಕಾ' ಸಿನಿಮಾಗಳ ಸಂಗೀತ ಅವರದು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಓದಿ, ಪ್ಯಾರಿಸ್‌ನಲ್ಲಿ ಹೆಸರಾಂತ ಸಂಗೀತ ಗುರು ನಾಡಿಯಾ ಬುಲಾಂಜೆ ಅವರ ಹತ್ತಿರ ಕಲಿತು ಬಂದವರು. ಬಂದು ಮಾಡಿದ್ದು ಏನು? ಸಾವಿರಾರು ಜಿಂಗಲ್. ಲಿರಿಲ್ ಸೋಪಿನದೂ ಅವರದೇ. ಕೊನೆಗಾಲದಲ್ಲಿ ಒಂದು ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಬರೆಯುತ್ತಿದ್ದರು, ಅದಕ್ಕೆ ಆಧಾರ ನಮ್ಮ ಕಾರ್ನಾಡರ 'ಅಗ್ನಿ ಮತ್ತು ಮಳೆ'. ಸೋಪು ಹೊಟ್ಟೆಗೆ, ಒಪೆರಾ ತನಗೆ.

ಅದೇ ಬುಲಾಂಜೆ ಅವರ ಇನ್ನೊಬ್ಬ ಶಿಷ್ಯ ಅಮೆರಿಕದ ರಚನಕಾರ ಫಿಲಿಪ್ ಗ್ಲಾಸ್. 1976ರಲ್ಲಿ ಅವರ ಒಪೆರಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ತುಂಬಿದ ಸಭೆಗೆ ನಡೆಯಿತು. ಅದು ಮುಗಿದ ಮೇಲೆ ಸಾಲ ಉಳಿಯಿತು, ಅವರು ಮತ್ತೆ ಟ್ಯಾಕ್ಸಿ ಓಡಿಸಲು ಹೋದರು. ನಲ್ಲಿ ರಿಪೇರಿ ಕೆಲಸವನ್ನೂ ಮಾಡಿದವರು. ನಲವತ್ತು ದಾಟುವವರೆಗೆ ಸಂಗೀತದಿಂದ ಮಾತ್ರ ಜೀವನ ನಡೆಸಲು ಆಗಿರಲಿಲ್ಲ.

ಅದಕ್ಕೇ ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ತೋಟ ಇದ್ದರೆ ಮಾರಬೇಡಿ.

ಸಂಪಾಜೆ_ಘಾಟಿ · 9:50

ಹಹ್ಹ. ನಮ್ಮಲ್ಲಿ ಅಡಿಕೆ ನಂಬಿ ಯಕ್ಷಗಾನ ಮಾಡುವವರಿದ್ದಾರೆ. ನಿಮ್ಮದು ಮೆಣಸು ನಂಬಿ ಪಿಟೀಲು. ಎಲ್ಲ ಒಂದೇ ಮಾರಾಯ್ರೆ.

ಒಂಟಿಕೊಪ್ಪಲು_ಮೇಷ್ಟ್ರು · 10:05

ನಾನು ಕೊಡಗಿನವನಲ್ಲ, ಮೈಸೂರಿನವನು. ಮಗಳನ್ನು ವಿರಾಜಪೇಟೆಗೆ ಕೊಟ್ಟಿದ್ದೇನೆ, ಆ ಹಕ್ಕಿನಿಂದ ಬರೆಯುತ್ತಿದ್ದೇನೆ.

ದುಡ್ಡು ಯಾರೂ ಕೊಡಲ್ಲ ಅನ್ನಬೇಡಿ, ಒಂದು ಕಾಲದಲ್ಲಿ ಕೊಡುತ್ತಿದ್ದರು. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ರಚಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವರ ಆಶ್ರಯದಲ್ಲಿ. ನಿಮ್ಮ ಭಾಷೆಯಲ್ಲಿ ಅದು ಕಮಿಷನ್, ಅಂದರೆ ದುಡ್ಡು ಕೊಟ್ಟು ಬರೆಸುವುದು.

ಇನ್ನೊಂದು ವಿಷಯ ಮೈಸೂರಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು ಬಹಳ. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರ ವಯಸ್ಸಾಗಿ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಮಹಾರಾಜರೇ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದವಲ್ಲ, ಆ ಕಛೇರಿಗೂ ಬೆನ್ನಿಗೆ ನಿಂತದ್ದು ಮೈಸೂರಿನ ಹಣ. ಸ್ಟ್ರೌಸ್ ಆಗಲೇ ತೀರಿಹೋಗಿದ್ದರು.

ಇಷ್ಟೆಲ್ಲ ಮಾಡಿದ ದೊರೆ ತಾವೇ 94 ಕೃತಿ ರಚಿಸಿದರು. ಎಲ್ಲ ಕರ್ನಾಟಕ ಪದ್ಧತಿಯಲ್ಲಿ. ಅದನ್ನು ಯೋಚಿಸಿ.

ಕಾಂಭೋಜಿ_ಕಾಫಿ · 10:18

ಮೇಷ್ಟ್ರ ಕೊನೆಯ ಸಾಲಿಗೆ ನಮಸ್ಕಾರ. ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಪಿಟೀಲು ಅವರೇ, ಕರ್ನಾಟಕ ಸಂಗೀತ ಕಲಿತವರು ನೀವು. ಮನೋಧರ್ಮ (ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು) ಬಿಟ್ಟು, ಕಾಗದ ನೋಡಿ ನುಡಿಸುವ ಸಂಗೀತಕ್ಕೆ ಯಾಕೆ ಹೋದಿರಿ? ಬರೆದಿಟ್ಟದ್ದನ್ನು ಓದುವುದು ಸಂಗೀತವೇ? ನಮ್ಮಲ್ಲಿ ಕೃತಿ ಬೆಳೆಯುತ್ತದೆ. ಒಬ್ಬ ವಿದ್ವಾಂಸ ಒಂದು ಸಂಗತಿ, ಅಂದರೆ ಅದೇ ಸಾಲಿನ ಹೊಸ ರೂಪ, ಸೇರಿಸುತ್ತಾನೆ, ಅವನ ಶಿಷ್ಯ ಇನ್ನೊಂದು.

ನಾಪೋಕ್ಲು_ಪಿಟೀಲು · 10:47

ಈ ಪ್ರಶ್ನೆ ನನ್ನ ಗುರುಗಳೂ ಕೇಳಿದ್ದರು, ನಿಮಗಿಂತ ಜೋರಾಗಿ.

ಕಾಗದದ ಬಗ್ಗೆ ಮೊದಲು. 1904ರಲ್ಲಿ ಎಟ್ಟಯಪುರದಿಂದ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಹೊರತಂದರು. ಗಮಕಕ್ಕೆಲ್ಲ, ಅಂದರೆ ಸ್ವರದ ಬಳುಕಿಗೆಲ್ಲ, ಬೇರೆ ಬೇರೆ ಗುರುತು ಹಾಕಿದ ಪುಸ್ತಕ. ಇವತ್ತು ಮುತ್ತುಸ್ವಾಮಿ ದೀಕ್ಷಿತರ ಕೃತಿಯ ಪಾಠಾಂತರ ಜಗಳ ಬಂದರೆ ಎಲ್ಲರೂ ಅದನ್ನೇ ತೆರೆದು ನೋಡುತ್ತಾರೆ. ಹಾಗಾಗಿ ಕಾಗದ ನಮ್ಮ ಶತ್ರು ಏನಲ್ಲ.

ಸಂಗತಿಯ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನನಗೆ ಹೊಟ್ಟೆಕಿಚ್ಚು ಇರುವುದೂ ಅಲ್ಲೇ. ಒಂದು ಕೃತಿಯನ್ನು ನೂರು ವರ್ಷ ಸಾವಿರಾರು ಜನ ಹಾಡುತ್ತಾರೆ. ಹೊಸ ಕ್ವಾರ್ಟೆಟ್ ಒಂದೇ ಸಲ ನುಡಿಸಿ ಕಪಾಟು ಸೇರುತ್ತದೆ. ಮೊದಲ ಪ್ರದರ್ಶನಕ್ಕೆ ಹೇಗೋ ಜನ ಸಿಗುತ್ತಾರೆ, 'ಹೊಸದು' ಅಂತ ಪೋಸ್ಟರ್ ಹಾಕಬಹುದು. ಎರಡನೆಯದಕ್ಕೆ ಯಾರೂ ಸಿಗುವುದಿಲ್ಲ. ನನ್ನ ಕೆಲಸದಲ್ಲಿ ಅತಿ ಕಷ್ಟದ್ದು ಯಾವುದು ಅಂತ ಯಾರಾದರೂ ಕೇಳಿದರೆ ಆ ಎರಡನೇ ಸಲ ಅನ್ನುತ್ತೇನೆ.

ಯಾಕೆ ಹೋದೆ ಅಂತ ಕೇಳಿದಿರಿ. ನಾಲ್ಕು ದನಿ ಏಕಕಾಲಕ್ಕೆ ನಾಲ್ಕು ಮಾತಾಡುವುದು ನನಗೆ ಇಷ್ಟ. ಅಷ್ಟೇ ಕಾರಣ.

ಸಂಪಾಜೆ_ಘಾಟಿ · 10:58

ಬೇಜಾರು ಮಾಡಬೇಡಿ, ನೇರವಾಗಿ ಕೇಳುತ್ತೇನೆ. ಈ ಹೊಸ ಸಂಗೀತ ಯೂಟ್ಯೂಬ್‌ನಲ್ಲಿ ಕೇಳಿದ್ದೇನೆ. ಬಾಗಿಲು ಕಿರ್ರೆಂದ ಹಾಗೆ ಇರುತ್ತದೆ. ಕಿವಿಗೆ ಇಂಪಿಲ್ಲ. ಬೇಕೆಂದೇ ಹಾಗೆ ಬರೆಯುವುದಾ?

ನಾಪೋಕ್ಲು_ಪಿಟೀಲು · 11:15

ಕೆಲವರು ಬೇಕೆಂದೇ. ಕೆಲವರಿಗೆ ಬರುವುದೇ ಅಷ್ಟು. ಎರಡನ್ನೂ ನಾನು ನೋಡಿದ್ದೇನೆ.

ಆದರೆ ಒಂದು ಮಾತು. ನೀವು ಮೊದಲ ಸಲ ಬೈಂಬಳೆ ಕರಿ ತಿಂದಾಗ, ಆ ಕಣಿಲೆಯ ಹುಳಿವಾಸನೆಗೆ ಮೂಗು ಮುಚ್ಚಿಕೊಂಡಿರಬಹುದು ಅಲ್ವಾ? ಈಗ ಮಳೆಗಾಲ ಬಂದರೆ ಹುಡುಕಿಕೊಂಡು ಹೋಗುತ್ತೀರಿ. ನಾಲಿಗೆಗೆ ಎರಡನೇ ತುತ್ತು ಸಿಕ್ಕಿದ್ದರಿಂದ. ಹೊಸ ಸಂಗೀತಕ್ಕೆ ಆ ಎರಡನೇ ತುತ್ತೇ ಸಿಗುವುದಿಲ್ಲ. ಅಮೆರಿಕದ ಚಾರ್ಲ್ಸ್ ಐವ್ಸ್ ಹೊಟ್ಟೆಪಾಡಿಗೆ ವಿಮೆ ಕಂಪನಿ ನಡೆಸಿದವರು, ಸಂಜೆ ಮತ್ತು ರಜಾದಿನ ಸಂಗೀತ. ಅವರ ಮೂರನೇ ಸಿಂಫನಿ ಮೊದಲ ಸಲ ನುಡಿಸಿದ್ದು 1946ರಲ್ಲಿ. ಬರೆದು ಮೂರು ದಶಕ ದಾಟಿತ್ತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಸ್ವರ ಅವೇ ಹಳೆಯವು.

ಹಾಗಂತ ನನ್ನದೆಲ್ಲ ಚೆನ್ನಾಗಿದೆ ಅಂತ ಅಲ್ಲ. ನನ್ನ ಮೊದಲ ಮೂರು ರಚನೆಗಳಿಗೆ ನಿಮ್ಮ ಬಾಗಿಲಿನ ಉಪಮೆ ಸರಿಯಾಗೇ ಹೊಂದುತ್ತದೆ.

ಸಂಪಾಜೆ_ಘಾಟಿ · 11:17

ಬೈಂಬಳೆ ಉದಾಹರಣೆ ಕೊಟ್ಟು ಬಾಯಿ ಮುಚ್ಚಿಸಿದಿರಿ. ಮಲಗುತ್ತೇನೆ.

ಸೋಮವಾರಪೇಟೆ_ಅಮ್ಮ · ಶನಿವಾರ ಬೆಳಗ್ಗೆ 7:30

ಸರ್, ವಿಷಯ ಬೇರೆ, ಕ್ಷಮಿಸಿ. ಎಂಟು ವರ್ಷದ ಮಗಳಿಗೆ ವಯೊಲಿನ್ ಕೊಡಿಸಬೇಕು. ಯಾವ ಸೈಜ್?

ನಾಪೋಕ್ಲು_ಪಿಟೀಲು · 8:10

ಸಾಮಾನ್ಯವಾಗಿ ಅರ್ಧ ಸೈಜ್. ಆದರೆ ವಯಸ್ಸು ನೋಡಿ ಕೊಳ್ಳಬೇಡಿ. ಮಗು ಭುಜದ ಮೇಲಿಟ್ಟು ಎಡಗೈ ಚಾಚಿದಾಗ ವಯೊಲಿನ್ನಿನ ಸುರುಳಿ ತುದಿ ಅಂಗೈಗೆ ಬರಬೇಕು. ಅದನ್ನು ದಾಟಿ ಹೋದರೆ ದೊಡ್ಡದಾಯಿತು. 'ಬೆಳೆಯುತ್ತಾಳೆ, ದೊಡ್ಡದೇ ಇರಲಿ' ಅನ್ನುವುದು ಯೂನಿಫಾರ್ಮಿಗೆ ಸರಿ, ವಯೊಲಿನ್ನಿಗೆ ಬೇಡ.

ಕೋಡ್_ಕುಶಾಲನಗರ · 9:02

ಬ್ರೋ, ಯಾವ ಸಾಫ್ಟ್‌ವೇರ್? ಮತ್ತೆ ಈಗ ಎಐ ಬಂದಿದೆಯಲ್ಲ, ಹೊಡೆತ ಬಿತ್ತಾ?

ನಾಪೋಕ್ಲು_ಪಿಟೀಲು · 9:35

ಹದಿನೈದು ವರ್ಷ ಫಿನಾಲೆ ಬಳಸಿದೆ. 2024ರ ಆಗಸ್ಟ್‌ನಲ್ಲಿ ಕಂಪನಿಯವರು ಅದನ್ನು ನಿಲ್ಲಿಸುತ್ತೇವೆ ಅಂತ ಪ್ರಕಟಿಸಿದರು. ನನ್ನ ಹಳೆಯ ಕಡತಗಳನ್ನೆಲ್ಲ ಮ್ಯೂಸ್‌ಸ್ಕೋರ್‌ಗೆ ಸಾಗಿಸಲು ಒಂದು ಇಡೀ ಮಳೆಗಾಲ ಹೋಯಿತು. ಅದು ಪುಕ್ಕಟೆ, ಚೆನ್ನಾಗಿಯೂ ಇದೆ. ಮೊದಲ ಕರಡು ಮಾತ್ರ ಪೆನ್ಸಿಲ್‌ನಲ್ಲೇ. ಕರೆಂಟ್ ನಂಬಿ ಇಲ್ಲಿ ಏನೂ ಶುರು ಮಾಡಲಾಗದು.

ಎಐ ಹೊಡೆತ ಜಿಂಗಲ್‌ಗೆ ಬಿದ್ದಿದೆ. ನನಗೆ ವರ್ಷಕ್ಕೆ ಎರಡು ಮೂರು ಇನ್ನೂ ಬರುತ್ತಿತ್ತು, ಈಗ ಒಂದೂ ಇಲ್ಲ. ಕ್ವಾರ್ಟೆಟ್‌ಗೆ ಏನೂ ಆಗಿಲ್ಲ. ದುಡ್ಡೇ ಇಲ್ಲದ ಕಡೆ ಕಳ್ಳ ಯಾಕೆ ಬರುತ್ತಾನೆ?

ಜನ ಕೇಳದ ಇನ್ನೊಂದು ಕೆಲಸ ಇದೆ, ಅದನ್ನು ಹೇಳುತ್ತೇನೆ. ಇಡೀ ರಚನೆ ಮುಗಿದ ಮೇಲೆ ಒಬ್ಬೊಬ್ಬರಿಗೆ ಅವರವರ ಪುಟ ಬೇರೆ ಮಾಡಿ ಕೊಡಬೇಕು. ನುಡಿಸುವವರ ಎರಡೂ ಕೈ ವಾದ್ಯದ ಮೇಲೆ ಇರುತ್ತದೆ. ಪುಟ ತಿರುಗಿಸುವುದು ಯಾವಾಗ? ಹಾಗಾಗಿ ಪುಟದ ಕೊನೆಗೆ ಸರಿಯಾಗಿ ವಿರಾಮ ಬೀಳುವಂತೆ ಸಾಲುಗಳನ್ನು ಜೋಡಿಸಬೇಕು. ಆಗದಿದ್ದರೆ ಕೆಳಗೆ 'ವಿ.ಎಸ್.' ಅಂತ ಬರೆಯುತ್ತೇವೆ, ಬೇಗ ತಿರುಗಿಸು ಅಂತ ಅರ್ಥ. ಆ ಬೆಂಗಳೂರಿನ ಕಛೇರಿಯಲ್ಲಿ ನನ್ನ ಲೆಕ್ಕ ತಪ್ಪಿತು. ವಿಯೋಲಾದವರಿಗೆ ಒಂದೇ ಮಾತ್ರೆಯ ವಿರಾಮ ಬಿಟ್ಟಿದ್ದೆ. ಅವರು ಕಮಾನಿನ ತುದಿಯಿಂದ ಪುಟ ಎಳೆದರು, ಎರಡು ಹಾಳೆ ಒಟ್ಟಿಗೆ ಬಂತು, ಸ್ಟ್ಯಾಂಡ್ ವಾಲಿತು. ಹನ್ನೆರಡು ಸೆಕೆಂಡ್ ವಿಯೋಲಾ ಇಲ್ಲ. ಮುಗಿದ ಮೇಲೆ ಒಬ್ಬರು ಬಂದು 'ಆ ಮಧ್ಯದ ಮೌನ ಅದ್ಭುತ' ಅಂದರು. ಥ್ಯಾಂಕ್ಸ್ ಅಂದೆ.

ಪೊನ್ನಂಪೇಟೆ_ಅಕ್ಕ · ಶನಿವಾರ ಮಧ್ಯಾಹ್ನ 2:15

ನಿನ್ನೆಯಿಂದ ಓದುತ್ತಿದ್ದೇನೆ. ನೀವು ನಮ್ಮ ಕೊಡವರ ಸಣ್ಣ ಚರ್ಮವಾದ್ಯ ದುಡಿ ಇಟ್ಟುಕೊಂಡು ಏನೋ ಬರೆಯುತ್ತಿದ್ದೀರಿ ಅಂತ ಕೇಳಿದೆ. ಅದರ ಬಗ್ಗೆ ಇಲ್ಲಿ ಒಂದು ಅಕ್ಷರ ಇಲ್ಲ, ಯಾಕೆ?

ನನಗೆ ಅನುಮಾನ ಇದೆ. ರೆಸಾರ್ಟ್‌ಗಳಲ್ಲಿ ಕ್ಯಾಂಪ್‌ಫೈರ್ ಪಕ್ಕ ವಾಲಗ ಹಾಕಿ ಕುಣಿಸಿದ್ದು ಸಾಕು. ಈಗ ನಮ್ಮ ಪಾಟ್, ಅಂದರೆ ಹಾಡು, ತೆಗೆದು ವಯೊಲಿನ್ ಮೇಲೆ ಇಟ್ಟು ಫ್ಯೂಷನ್ ಅನ್ನುವುದು ಬೇಡ. ನಮ್ಮ ಮನೆಯಲ್ಲಿ ಚಾವು ಪಾಟನ್ನು (ಸಾವಿನ ಹಾಡನ್ನು) ಸಾವಿಲ್ಲದ ದಿನ ಗುನುಗಿದರೂ ಅಜ್ಜಿ ಬೈಯುತ್ತಿದ್ದರು. ಅಂಥದ್ದನ್ನು ಯಾರೋ ಟಿಕೆಟ್ ತೆಗೆದುಕೊಂಡು ಕೇಳುವುದು ನನಗೆ ಸರಿ ಕಾಣುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದ ನಡುವೆ ಊರೂರು ತಿರುಗಿ ಹಾಡು ಕೂಡಿಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಹೊರತಂದರು. ಅವರು ಉಳಿಸಲು ಬರೆದರು. ನೀವು ಯಾವುದಕ್ಕೆ ಬರೆಯುತ್ತಿದ್ದೀರಿ?

ನಾಪೋಕ್ಲು_ಪಿಟೀಲು · 3:40

ಅಕ್ಕ, ಈ ಪ್ರಶ್ನೆಗೆ ಹೆದರಿಯೇ ಬರೆದಿರಲಿಲ್ಲ. ಈಗ ಎಲ್ಲ ಹೇಳುತ್ತೇನೆ.

ಮೊದಲಿಗೆ ನಾನು ಮಾಡಲು ಹೊರಟಿದ್ದು ನೀವು ಹೇಳಿದ ತಪ್ಪನ್ನೇ. ಹೋದ ವರ್ಷ ನಮ್ಮ ಪಕ್ಕದ ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ಹಿರಿಯರೊಬ್ಬರು ದುಡಿ ನುಡಿಸಿ ಹಾಡಿದ್ದನ್ನು ಫೋನ್‌ನಲ್ಲಿ ಹಿಡಿದುಕೊಂಡು ಬಂದೆ. ತಾಳಕ್ಕೆ ಗೆರೆ ಹಾಕಿ ಸ್ವರಲಿಪಿ ಬರೆದೆ. ಎಲ್ಲಿ ಗೆರೆ ಹಾಕಿದರೂ ಪೆಟ್ಟು ತಪ್ಪು ಜಾಗಕ್ಕೆ ಬೀಳುತ್ತಿತ್ತು. ಫಿಲಿಪ್ ಗ್ಲಾಸ್‌ಗೂ ಹೀಗೇ ಆಗಿತ್ತಂತೆ. ಅರವತ್ತರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರವಿಶಂಕರ್ ಅವರ ಸಿನಿಮಾ ಸಂಗೀತವನ್ನು ಬರೆದುಕೊಡುವ ಕೆಲಸ. ಪಕ್ಕದಲ್ಲಿ ತಬಲಾ ವಾದಕ ಅಲ್ಲಾ ರಖಾ 'ಪೆಟ್ಟು ಸರಿಯಿಲ್ಲ' ಅನ್ನುತ್ತಲೇ ಇದ್ದರು. ಕೊನೆಗೆ ತಾಳದ ಗೆರೆಗಳನ್ನೆಲ್ಲ ಅಳಿಸಿಹಾಕಿದ ಮೇಲೆ ಗ್ಲಾಸ್‌ಗೆ ಲೆಕ್ಕ ಕಣ್ಣಿಗೆ ಬಿತ್ತು. ನಾನೂ ಅಳಿಸಿದೆ. ಕ್ವಾರ್ಟೆಟ್‌ಗೆ ಒಂದು ಕರಡು ಮಾಡಿ ಲ್ಯಾಪ್‌ಟಾಪ್ ಹಿಡಿದುಕೊಂಡು ಹಿರಿಯರ ಹತ್ತಿರ ಹೋದೆ.

ಅವರು ಕೈಸಾಲೆಯಲ್ಲಿ (ಮನೆ ಮುಂದಿನ ಜಗಲಿಯಲ್ಲಿ) ಕೂತು ಪೂರ್ತಿ ಕೇಳಿದರು. ಎಲೆ ಅಡಿಕೆ ಮುಗಿಯುವವರೆಗೆ ಏನೂ ಮಾತಿಲ್ಲ. ಆಮೇಲೆ ಕೇಳಿದ್ದು: 'ಎಷ್ಟು ಜನ ಇದು?' ನಾಲ್ಕು ಅಂದೆ. 'ನಮ್ಮದೂ ನಾಲ್ಕೇ. ಆದರೆ ನಿನ್ನ ನಾಲ್ಕೂ ಜನ ಒಟ್ಟಿಗೇ ಹಾಡುತ್ತಿದ್ದಾರಲ್ಲ, ಮತ್ತೆ ಅವರಿಗೆ ಕೇಳಿಸಿಕೊಳ್ಳಲು ಯಾವಾಗ ಬಿಡುವು?'

ಅಕ್ಕ, ನಿಮಗೆ ಇದು ಗೊತ್ತಿರುವುದೇ, ಬೇರೆಯವರಿಗಾಗಿ ಹೇಳುತ್ತೇನೆ. ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ದುಡಿ ಹಿಡಿದು ಹಾಡುತ್ತಾರೆ, ಇಬ್ಬಿಬ್ಬರ ಜೋಡಿ. ಒಂದು ಜೋಡಿ ಹಾಡಿದ ಸಾಲನ್ನು ಇನ್ನೊಂದು ಜೋಡಿ ಮತ್ತೆ ಹಾಡುತ್ತದೆ. ನಾನು ಕಲಿತ ಪಾಶ್ಚಾತ್ಯ ಪಾಠದಲ್ಲಿ ಹಾಗೇ ಮತ್ತೆ ಹೇಳಿದರೆ ಸೋಮಾರಿತನ ಅಂತ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದರು. ಅದನ್ನು ಹಿರಿಯರಿಗೆ ಹೇಳಿದೆ. ಅವರು ನಕ್ಕರು. 'ಅವರು ಹಾಡುವಾಗ ಇವರು ಮುಂದಿನ ಸಾಲು ನೆನೆಸಿಕೊಳ್ಳುತ್ತಾರೆ. ನಿನ್ನವರು ಕಾಗದ ನೋಡುತ್ತಾರೆ, ಅವರಿಗೆ ನೆನಪು ಬೇಡ ಬಿಡು.'

ಕಾಗದ ಅಂದ ಕೂಡಲೇ ನನಗೆ ಹೊಳೆಯಿತು. ಪುಟ ತಿರುಗಿಸುವುದು! ಒಂದು ಜೋಡಿ ನುಡಿಸುವಾಗ ಇನ್ನೊಂದು ಜೋಡಿಯ ಕೈ ಖಾಲಿ.

ಮನೆಗೆ ಬಂದು ಅಲ್ಲಿಯವರೆಗೆ ಬರೆದ ಹನ್ನೊಂದು ಪುಟ ಪಕ್ಕಕ್ಕಿಟ್ಟೆ. ಫೋನ್‌ನಿಂದ ಇಳಿಸಿದ ಹಾಡಿನ ರಾಗ ಒಂದು ಸಾಲೂ ಇಟ್ಟುಕೊಳ್ಳಲಿಲ್ಲ. ಈಗಿರುವ ಸ್ವರಗಳೆಲ್ಲ ನನ್ನವು. ಮೊದಲ ವಯೊಲಿನ್ ಮತ್ತು ಚೆಲೊ ಒಂದು ಜೋಡಿ, ಎರಡನೇ ವಯೊಲಿನ್ ಮತ್ತು ವಿಯೋಲಾ ಇನ್ನೊಂದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಾಗೇ ಹೇಳುತ್ತಾರೆ. ಕಾಗದದ ಮೇಲೆ ಒಂದೇ ಥರ ಕಾಣುತ್ತದೆ, ವಿಯೋಲಾದ ದನಿಯಲ್ಲಿ ಬಂದಾಗ ಅದೇ ಸಾಲಿಗೆ ವಯಸ್ಸಾದ ಹಾಗೆ ಕೇಳುತ್ತದೆ. ದುಡಿಯನ್ನೂ ತೆಗೆದುಬಿಟ್ಟೆ. ಚಾವು ಪಾಟ್ ಹತ್ತಿರ ನಾನು ಹೋಗಿಲ್ಲ, ಹೋಗುವುದೂ ಇಲ್ಲ.

ಕಾಂಭೋಜಿ_ಕಾಫಿ · 4:05

ಇದು ಚೆನ್ನಾಗಿದೆ. ಆದರೂ ಹೇಳುತ್ತೇನೆ, ದುಡಿ ತೆಗೆದು, ರಾಗ ತೆಗೆದು, ಉಳಿದದ್ದು ಸರದಿ ಮಾತ್ರ. ಅದು ಕೊಡಗಿನದ್ದು ಅಂತ ಕೇಳುವವರಿಗೆ ಹೇಗೆ ಗೊತ್ತಾಗಬೇಕು?

ನಾಪೋಕ್ಲು_ಪಿಟೀಲು · 4:11

ಗೊತ್ತಾಗದಿದ್ದರೆ ನನಗೇನೂ ನಷ್ಟ ಇಲ್ಲ. ಬೋರ್ಡ್ ಹಾಕಲು ನಾನೇನು ಹೋಂಸ್ಟೇ ನಡೆಸುತ್ತಿಲ್ಲ.

ಒಂಟಿಕೊಪ್ಪಲು_ಮೇಷ್ಟ್ರು · 4:30

ಫ್ರಾನ್ಸಿನ ರಚನಕಾರ ಮೆಸಿಯಾನ್ ತಮ್ಮ ರಚನೆಗಳಲ್ಲಿ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದ ದೇಶೀ ತಾಳಗಳನ್ನು ಬಳಸಿದರು. 13ನೇ ಶತಮಾನದ ಗ್ರಂಥ. ಅದನ್ನು ಕೇಳಿ ಯಾರೂ ಇಂಡಿಯಾ ಅನ್ನುವುದಿಲ್ಲ. ಆದರೆ ಅಲ್ಲಿ ಇದೆ.

ಕಾಂಭೋಜಿ_ಕಾಫಿ · 4:33

ಮೇಷ್ಟ್ರೇ, ಅದೇ ನನ್ನ ದೂರು. ಪುಸ್ತಕದಿಂದ ತಾಳ ತೆಗೆದುಕೊಂಡರು, ಅಲ್ಲಿ ಬೈಯುವ ಅಜ್ಜಿ ಇರಲಿಲ್ಲ. ಇಲ್ಲಿ ಇದ್ದಾರೆ. ಆ ದೃಷ್ಟಿಯಿಂದ ಪಿಟೀಲು ಅವರು ಮಾಡಿದ್ದು ಸರಿಯೇ ಅನ್ನಿ.

ಗೋಣಿಕೊಪ್ಪ_ಹುಡುಗ · 4:50

ಅಣ್ಣ ಎಲ್ಲಿ ನುಡಿಸುತ್ತಾರೆ ಇದನ್ನು? ಮುಂಬೈನಲ್ಲಾ?

ನಾಪೋಕ್ಲು_ಪಿಟೀಲು · 5:02

ಮುಂಬೈಯ ಎನ್‌ಸಿಪಿಎಯಲ್ಲಿ (ಅಲ್ಲಿನ ದೊಡ್ಡ ಕಲಾಕೇಂದ್ರ) 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಅದು ದೊಡ್ಡ ತಂಡ, ದೊಡ್ಡ ಹೆಸರುಗಳಿಗೆ. ನಮ್ಮದು ಬೆಂಗಳೂರಿನ ಅದೇ ನಾಲ್ಕು ಗೆಳೆಯರು. ಈ ಸಲ ಮೊದಲ ಪ್ರದರ್ಶನ ನಾಪೋಕ್ಲಿನಲ್ಲೇ ಮಾಡಬೇಕು ಅಂತಿದ್ದೇನೆ, ಹಿರಿಯರ ಕೈಸಾಲೆಯಲ್ಲಿ. ಎರಡನೆಯದು ಮರುದಿನ, ಅಲ್ಲೇ. ಅದೇ ಜನ ಮತ್ತೆ ಬಂದರೆ ಗೆದ್ದೆ.

ಪೊನ್ನಂಪೇಟೆ_ಅಕ್ಕ · ಶನಿವಾರ ರಾತ್ರಿ 8:20

ಪೂರ್ತಿ ಒಪ್ಪಿದೆ ಅಂತ ಅಂದುಕೊಳ್ಳಬೇಡಿ. ಹಾಡಿನ ಕ್ರಮವೂ ಹಾಡಿನದೇ ಅಂತ ನಮ್ಮ ಕಡೆ ಕೆಲವರು ಅನ್ನುತ್ತಾರೆ. ಆದರೆ ಫೋನ್‌ನಲ್ಲಿ ಕೇಳಿ ತಿಳಿದುಕೊಂಡದ್ದು ಸಾಲದು. ಹುತ್ತರಿಗೆ ನಮ್ಮ ಊರಿಗೆ ಬನ್ನಿ. ಮಂದ್‌ನಲ್ಲಿ (ಊರಿನ ಬಯಲಿನಲ್ಲಿ) ಕೋಲಾಟ ಮುಗಿದ ಮೇಲೆ ನಮ್ಮ ಮಾವನವರು ಹಾಡುತ್ತಾರೆ. ಫೋನ್ ತರಬೇಡಿ.

ನಾಪೋಕ್ಲು_ಪಿಟೀಲು · 8:26

ಬರುತ್ತೇನೆ ಅಕ್ಕ. ಪೆನ್ಸಿಲ್ ತರಬಹುದಾ?

ಪೊನ್ನಂಪೇಟೆ_ಅಕ್ಕ · 8:27

ಅದೂ ಬೇಡ. ಎರಡನೇ ಜೋಡಿಯಲ್ಲಿ ಒಬ್ಬರು ಕಡಿಮೆ ಇದ್ದಾರೆ. ಹಾಡಬೇಕಾಗುತ್ತದೆ.